ಗೇರ್‌ಬಾಕ್ಸ್ ಖಾದರ್ ಕೋಚ್ ಹಿಡಿದದ್ದು

ಶಿವಾಜಿನಗರದ ಗುಜರಿ ಓಣಿಯಲ್ಲಿ ಖಾದರ್ ಎಂದು ಕೂಗಿದರೆ ಐದಾರು ತಲೆಗಳು ತಿರುಗುತ್ತಿದ್ದವು. ಅದಕ್ಕೇ ಓಣಿಯವರು ಒಬ್ಬೊಬ್ಬರಿಗೂ ಒಂದೊಂದು ಬಿರುದು ಹಂಚಿದ್ದರು. ಟಯರ್ ಖಾದರ್, ರೇಡಿಯೇಟರ್ ಖಾದರ್, ಸುಳ್ಳು ಖಾದರ್. ಹಳೆಯ ಗೇರ್‌ಬಾಕ್ಸುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿ ಮಾರುತ್ತಿದ್ದವನು ಗೇರ್‌ಬಾಕ್ಸ್ ಖಾದರ್. ಸುಳ್ಳು ಖಾದರ್ ಎಂಬ ಬಿರುದು ಇವನಿಗೆ ತಪ್ಪಿದ್ದಕ್ಕೆ ಕಾರಣ ಇಷ್ಟೇ: ಇವನು ಅಪ್ಪನ ಅಂಗಡಿಯಲ್ಲಿ ಕೂರುವ ಹೊತ್ತಿಗೆ ಅದು ಆಗಲೇ ಇನ್ನೊಬ್ಬನ ಪಾಲಾಗಿತ್ತು.

ತೊಂಬತ್ತರ ದಶಕವನ್ನು ಖಾದರ್ ಕೂತೇ ಕಳೆದ. ಅಂಗಡಿಯ ಮುಂದೆ ಅಂಬಾಸಡರ್ ಕಾರಿನ ಹಿಂದಿನ ಸೀಟೊಂದನ್ನು ಹಾಕಿಕೊಂಡಿದ್ದ. ಅದರ ಮೇಲೆ ಒಮ್ಮೆ ಆಸೀನನಾದನೆಂದರೆ ಗಿರಾಕಿ, ಚಹಾ, ಪೇಪರು, ಜಗಳ ಎಲ್ಲವೂ ಅವನಿದ್ದಲ್ಲಿಗೇ ಬರಬೇಕು. ಎರಡು ಓಣಿ ಆಚೆಗಿನ ಮಸೀದಿಗೂ ಸ್ಕೂಟರಿನಲ್ಲೇ ಹೋಗುತ್ತಿದ್ದ. ಯಾರಾದರೂ ಛೇಡಿಸಿದರೆ, ದೇವರು ಮನುಷ್ಯನಿಗೆ ಕಾಲು ಕೊಟ್ಟಿರುವುದೇ ಸ್ಕೂಟರಿಗೆ ಕಿಕ್ ಹೊಡೆಯಲಿಕ್ಕೆ ಎನ್ನುತ್ತಿದ್ದ. ಹೊಟ್ಟೆ ಅವನಿಗಿಂತ ಒಂದು ಗೇಣು ಮುಂದಿತ್ತು. ಹೆಂಡತಿ ಉಮ್ಮೆ ಕುಲ್ಸುಂ ಬಾಗಿಲಲ್ಲಿ ಮೊದಲು ಹೊಟ್ಟೆಯನ್ನು ನೋಡಿ, ಚಹಾಕ್ಕಿಟ್ಟು, ಆಮೇಲೆ ಗಂಡನನ್ನು ನೋಡುತ್ತಿದ್ದಳಂತೆ.

ಇಂಥವನು ಓಡಲು ಶುರುಮಾಡಿದ್ದು ಒಬ್ಬ ಕಳ್ಳನ ಕೃಪೆಯಿಂದ. ಎರಡು ಸಾವಿರದ ಐದನೇ ಇಸವಿಯ ಒಂದು ಸಂಜೆ ತೆಳ್ಳಗಿನ ಆಸಾಮಿಯೊಬ್ಬ ಬಂದು ಬುಲೆಟ್ಟಿನ ಕಾರ್ಬುರೇಟರ್ ಕೇಳಿದ. ಖಾದರ್ ಅದನ್ನು ಕೈಗೆ ಕೊಟ್ಟು, ಅದರ ವಂಶಾವಳಿ ಹೇಳಲು ಬಾಯಿ ತೆರೆಯುತ್ತಿದ್ದಂತೆ ಗಿರಾಕಿ ಕಾರ್ಬುರೇಟರನ್ನು ಕಂಕುಳಲ್ಲಿಟ್ಟುಕೊಂಡು ಓಟ ಕಿತ್ತ. ಖಾದರ್ ಸೀಟಿನಿಂದ ಎದ್ದ. ಅವನು ಅಷ್ಟು ಬೇಗ ಎದ್ದದ್ದನ್ನು ಓಣಿ ಅದುವರೆಗೆ ಕಂಡಿರಲಿಲ್ಲ. ಸ್ಕೂಟರಿನ ಕೀಲಿ ಹುಡುಕುವಷ್ಟು ವ್ಯವಧಾನವಿರಲಿಲ್ಲ, ಹಾಗಾಗಿ ಲುಂಗಿ ಎತ್ತಿಕಟ್ಟಿ ಓಡಿದ.

ಕಳ್ಳ ಕಮರ್ಷಿಯಲ್ ಸ್ಟ್ರೀಟಿನ ಜನಜಂಗುಳಿಯಲ್ಲಿ ನುಗ್ಗಿದ, ಕಾಮರಾಜ ರಸ್ತೆ ದಾಟಿದ, ಡಿಕನ್ಸನ್ ರಸ್ತೆಯಲ್ಲಿ ಒಮ್ಮೆ ಹಿಂತಿರುಗಿ ನೋಡಿದ. ಖಾದರ್ ಬರುತ್ತಲೇ ಇದ್ದ. ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ವೇಗವೇನೂ ಇರಲಿಲ್ಲ, ಆದರೆ ನಿಲ್ಲುವ ಲಕ್ಷಣವೂ ಇರಲಿಲ್ಲ. ಬ್ರೇಕು ಫೇಲಾದ ರೋಡ್ ರೋಲರಿನ ಹಾಗೆ ಒಂದೇ ಸಮನೆ ಬರುತ್ತಿದ್ದ. ಕೊನೆಗೆ ಹಲಸೂರು ಕೆರೆಯ ಏರಿಯ ಮೇಲೆ ಕಳ್ಳ ಕುಸಿದು ಕೂತ. ಕಾರ್ಬುರೇಟರನ್ನು ನೆಲದ ಮೇಲಿಟ್ಟು ಮುಂದಕ್ಕೆ ತಳ್ಳಿದ.

"ತಗೊಳ್ಳಿ ಸಾಬ್ರೇ," ಅಂದ, ಉಸಿರು ಸಿಕ್ಕಿದ ಮೇಲೆ. "ನಿಮ್ಮಂಥೋರ ಹತ್ರ ಕದಿಯೋದು ಮೈಗೆ ಒಳ್ಳೇದಲ್ಲ."

ಖಾದರ್ ಅವನನ್ನು ಬೈಯಬೇಕೆಂದುಕೊಂಡ. ಆದರೆ ಅಷ್ಟರಲ್ಲಿ ಒಂದು ವಿಚಿತ್ರ ಅವನ ಗಮನಕ್ಕೆ ಬಂತು. ಅವನಿಗೆ ದಣಿವಾಗಿರಲಿಲ್ಲ. ಬೆವರು ಸುರಿಯುತ್ತಿತ್ತು, ಅಂಗಾಲು ಉರಿಯುತ್ತಿತ್ತು, ಆದರೆ ಎದೆ ಶಾಂತವಾಗಿತ್ತು. ಇನ್ನೂ ಒಂದು ಸುತ್ತು ಬಾ ಎಂದು ಕೆರೆಯೇ ಕರೆಯುತ್ತಿರುವ ಹಾಗನ್ನಿಸಿತು. ಕಳ್ಳನಿಗೊಂದು ಲೋಟ ಕಬ್ಬಿನ ಹಾಲು ಕೊಡಿಸಿ ಕಳಿಸಿ, ಆ ಸುತ್ತನ್ನೂ ಓಡಿದ.

ಮಾರನೆಯ ದಿನದಿಂದ ನಸುಕಿನ ಫಜರ್ ನಮಾಜು ಮುಗಿಸಿ ಕೆರೆಗೆ ಬರುವುದು ರೂಢಿಯಾಯಿತು. ಗುಜರಿಯಲ್ಲೇ ಸಿಕ್ಕ ಒಂದು ಟ್ರ್ಯಾಕ್ ಪ್ಯಾಂಟು ಕೊಂಡ. ಅಸಲಿ ಕಂಪನಿಯದ್ದಕ್ಕೆ ಮೂರು ಪಟ್ಟೆಗಳಿದ್ದರೆ ಇದಕ್ಕೆ ನಾಲ್ಕಿದ್ದವು. ಒಂದು ಹೆಚ್ಚಿಗೆ ಕೊಟ್ಟಿದ್ದಾರೆ ಎಂದು ಖಾದರ್ ಎಲ್ಲರಿಗೂ ತೋರಿಸಿದ. ಅಲ್ಲಿಯೇ ಬಸಣ್ಣನ ಪರಿಚಯವಾಯಿತು. ಸೇಡಂ ಕಡೆಯ ಮನುಷ್ಯ, ಹೆಂಡತಿ ಅಮೃತಮ್ಮನೊಂದಿಗೆ ಹಲಸೂರಿನಲ್ಲಿ ಬಾಡಿಗೆಯ ಎರಡು ಕೋಣೆ ಹಿಡಿದು ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದ. ಬೆಳಿಗ್ಗೆ ಗಂಡ ಅಡಿಗೆಮನೆಯಲ್ಲಿದ್ದರೆ ಉಪ್ಪು ಕಮ್ಮಿ, ಖಾರ ಜಾಸ್ತಿ ಎಂದು ತಲೆ ತಿನ್ನುತ್ತಾನೆಂದು ಅಮೃತಮ್ಮನೇ ಅವನನ್ನು ಕೆರೆಗೆ ಅಟ್ಟುತ್ತಿದ್ದಳು. ಕೆರೆಯ ಬಳಿ ಬಸಣ್ಣನ ಮಾತು ಕಮ್ಮಿ. ಖಾದರ್‌ಗೆ ಬೇಕಾಗಿದ್ದದ್ದೂ ಅಂಥವನೇ.

ಓಟ ಹೆಚ್ಚಿದಂತೆ ಖಾದರ್‌ನ ಹೊಟ್ಟೆ ಇಳಿಯಿತು, ಮಾತು ಏರಿತು. ಮೊದಲು ಗೇರ್‌ಬಾಕ್ಸಿನ ಬಗ್ಗೆ ಆಡುತ್ತಿದ್ದ ಅಷ್ಟೂ ಮಾತನ್ನು ಈಗ ತನ್ನ ಕಾಲಿಗೆ ಮೀಸಲಿಟ್ಟ. ಎಡಗಾಲಿನ ಮೀನಖಂಡ ಬೆಳಿಗ್ಗೆ ಹೇಗಿತ್ತು, ಮಧ್ಯಾಹ್ನ ಹೇಗಾಯಿತು, ಮೆಟ್ಟಿಲು ಹತ್ತುವಾಗ ಏನಂದಿತು, ಇಳಿಯುವಾಗ ಏಕೆ ಸುಮ್ಮನಾಯಿತು. ಮಗಳು ವಾಜಿದಾ ಊಟದ ತಟ್ಟೆ ಹಿಡಿದು ಟಿ.ವಿ. ಮುಂದೆ ಹೋಗಿ ಕೂರತೊಡಗಿದಳು. ಗಿರಾಕಿಗಳು ಬೆಲೆ ಕೇಳಿ ಬೇಗ ಬೇಗ ಹೊರಟರು. ಟಯರ್ ಖಾದರ್ ಬಂದು, ಭಾಯ್, ಹಿಂದೆ ನೀನು ಕೂತಲ್ಲೇ ಕೂತಿರುತ್ತಿದ್ದೆ, ಓಣಿ ನೆಮ್ಮದಿಯಾಗಿತ್ತು ಎಂದು ಮುಖಕ್ಕೇ ಹೇಳಿಹೋದ. ಬಸಣ್ಣ ಮಾತ್ರ ಕೇಳುತ್ತಿದ್ದ, ಅಥವಾ ಕೇಳುತ್ತಿದ್ದಾನೆಂದು ಖಾದರ್ ತಿಳಿದಿದ್ದ.

ಮರುವರ್ಷ ಊರಿನಲ್ಲೊಂದು ಇಪ್ಪತ್ತೊಂದು ಕಿಲೋಮೀಟರಿನ ಓಟ ಏರ್ಪಾಡಾಯಿತು. ದಂಡು ಪ್ರದೇಶದ ಮೈದಾನದಿಂದ ಹೊರಟು ಹಲಸೂರು, ಇಂದಿರಾನಗರ, ವಿಮಾನಪುರದವರೆಗೆ ಹೋಗಿ ವಾಪಸು ಬರಬೇಕು. ಖಾದರ್ ಹೆಸರು ಕೊಟ್ಟ. ಕೋಚ್ ಗೀಚ್ ಇದ್ದಾರಾ ಎಂದು ಯಾರೋ ಕೇಳಿದ್ದಕ್ಕೆ, ನಾಯಿಗೆ ಓಡುವುದನ್ನು ಯಾರು ಕಲಿಸಿದರು ಎಂದು ಇಡೀ ಓಣಿಗೆ ಕೇಳುವಂತೆ ಉತ್ತರಿಸಿದ. ಓಟದ ದಿನ ಬೆಳಿಗ್ಗೆ ಬಸಣ್ಣ, ಮೊದಲು ಸಾವಕಾಶ ಹೋಗ್ರಿ ಎಂದೊಂದು ಮಾತು ಹೇಳಿದ. ಅದು ಖಾದರ್‌ನ ಕಿವಿಯ ಹತ್ತಿರ ಬಂದು ಹಾಗೇ ಮುಂದೆ ಹೋಯಿತು.

ಪಿಸ್ತೂಲು ಸಿಡಿದದ್ದೇ ತಡ, ಖಾದರ್ ಮುಂದಿನವರೆಲ್ಲ ತನ್ನ ಕಾರ್ಬುರೇಟರ್ ಹೊತ್ತೊಯ್ಯುತ್ತಿದ್ದಾರೇನೋ ಎಂಬಂತೆ ನುಗ್ಗಿದ. ಹಲಸೂರಿನವರೆಗೆ ನೂರಾರು ಜನರನ್ನು ಹಿಂದೆ ಹಾಕಿದ. ಇಂದಿರಾನಗರದಲ್ಲಿ ಆ ನೂರಾರು ಜನ ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ನೂರಡಿ ರಸ್ತೆಯ ಒಂದು ದರ್ಶಿನಿಯ ಮುಂದೆ ಮೀನಖಂಡ ಗಂಟು ಕಟ್ಟಿತು. ಖಾದರ್ ಫುಟ್‌ಪಾತಿನ ಮೇಲೆ ಕಾಲು ಹಿಡಿದು ಕೂತ. ದರ್ಶಿನಿಯವರು ಕರುಣೆಯಿಂದ ಇಡ್ಲಿ ಕೊಟ್ಟರು. ಅದನ್ನು ತಿನ್ನುತ್ತಿರುವಾಗಲೇ ಸೋತವರನ್ನು ಆರಿಸಿಕೊಂಡು ಬರುವ ವ್ಯಾನು ಬಂತು. ವ್ಯಾನಿನಲ್ಲಿ ಅವನಲ್ಲದೆ ವಾಂತಿ ಮಾಡಿಕೊಂಡ ಒಬ್ಬ ಬ್ಯಾಂಕ್ ಮ್ಯಾನೇಜರೂ ಪಾದಕ್ಕೆ ಬೊಬ್ಬೆ ಬಂದ ನವದಂಪತಿಗಳೂ ಇದ್ದರು.

ವ್ಯಾನು ನೇರವಾಗಿ ಮೈದಾನದೊಳಕ್ಕೆ ಬಂತು. ಅಲ್ಲಿ ಉಮ್ಮೆ ಕುಲ್ಸುಂ ಅಕ್ಕಪಕ್ಕದ ಹೆಂಗಸರನ್ನು ಕಟ್ಟಿಕೊಂಡು ಬೆಳಗಿನಿಂದ ಕಾಯುತ್ತಿದ್ದಳು. ಉಳಿದವರೆಲ್ಲ ಏದುಸಿರು ಬಿಡುತ್ತ ಕಾಲ್ನಡಿಗೆಯಲ್ಲಿ ಬರುತ್ತಿರುವಾಗ ತನ್ನ ಗಂಡ ಮಾತ್ರ ಕಿಟಕಿಯ ಪಕ್ಕ ಕೂತು ಗಾಡಿಯಲ್ಲಿ ಬಂದದ್ದನ್ನು ನೋಡಿ, ಗೆದ್ದವರನ್ನು ಹೀಗೆ ಮರ್ಯಾದೆಯಿಂದ ಕರೆತರುತ್ತಾರೆಂದು ಅವಳು ತಿಳಿದಳು. ಚಪ್ಪಾಳೆ ತಟ್ಟಿದಳು. ಪಕ್ಕದ ಹೆಂಗಸರೂ ತಟ್ಟಿದರು. ಖಾದರ್ ಎರಡು ದಿನ ಅಂಗಡಿ ತೆಗೆಯಲಿಲ್ಲ.

ಮೂರನೆಯ ದಿನ ಅವನ ತಲೆಯಲ್ಲಿ ಕೋಚ್ ಎಂಬ ಹುಳ ಹೊಕ್ಕಿತು. ಹೊಕ್ಕ ಹುಳವನ್ನು ಹೊರಗೆ ಹೇಳುವಂತಿಲ್ಲ, ಏಕೆಂದರೆ ನಾಯಿಯ ಮಾತು ಓಣಿಯ ಪ್ರತಿ ಬಾಯಲ್ಲೂ ಇತ್ತು. ಬಸಣ್ಣನ ಹತ್ತಿರ ಮಾತ್ರ ತೆಗೆದ.

"ಓಡಾಕ ಗುರು ಯಾಕ ಬೇಕ್ರಿ ಸಾಬ್ರ," ಅಂದ ಬಸಣ್ಣ. "ಒಂದ್ ಕಾಲ್ ಮುಂದ ಇಡದು, ಇನ್ನೊಂದ್ ಅದರ ಮುಂದ ಇಡದು. ಮೂರನೇದ್ ಏನರ ಐತೇನು?"

ಖಾದರ್ ತಿಂಗಳುಗಟ್ಟಲೆ ತೂಗಿ ನೋಡಿದ. ಕೋಚ್ ಇಟ್ಟುಕೊಂಡರೆ ಇನ್ನೊಬ್ಬನ ಮಾತು ಕೇಳಬೇಕು. ಈ ಅನುಭವ ಅವನಿಗೆ ಹೆಂಡತಿಯಿಂದಾಚೆ ಇರಲಿಲ್ಲ. ಇಟ್ಟುಕೊಳ್ಳದಿದ್ದರೆ ಮತ್ತೆ ಆ ವ್ಯಾನು. ಗೇರ್‌ಬಾಕ್ಸಿನ ಗಿರಾಕಿಗಳಿಗೆ ತಾನೇ ಹೇಳುವ ಮಾತೊಂದಿತ್ತು: ನೀವೇ ಬಿಚ್ಚಿ ರಿಪೇರಿ ಮಾಡುತ್ತೇನೆಂದರೆ ಮಾಡಿ, ಕೊನೆಯಲ್ಲಿ ನಾಲ್ಕು ಬೋಲ್ಟು ಉಳಿದರೆ ನನ್ನನ್ನು ಕೇಳಬೇಡಿ. ಆ ಮಾತು ಈಗ ಅವನಿಗೇ ಚುಚ್ಚುತ್ತಿತ್ತು. ಕಡೆಗೆ, ನೋಡುವುದಕ್ಕೇನು, ಸೆಕೆಂಡ್ ಹ್ಯಾಂಡ್ ಮಾಲು ನೋಡುವ ಹಾಗೆ ನೋಡಿಬರೋಣ ಎಂದು ಹೊರಟ.

ಮೊದಲು ಹೋದದ್ದು ಇಂದಿರಾನಗರಕ್ಕೆ. ಅಲ್ಲಿ ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ತರುಣ ತರಬೇತುದಾರ ಅವನ ಎದೆಗೆ ಪಟ್ಟಿ ಬಿಗಿದು, ರಬ್ಬರು ಹಾಸಿನ ಮೇಲೆ ಓಡಿಸಿ, ಕಂಪ್ಯೂಟರಿನಲ್ಲಿ ಬೆಟ್ಟಗುಡ್ಡಗಳಂಥ ಗೆರೆ ತೋರಿಸಿದ. ಆಮೇಲೆ ಬಿಡಬೇಕಾದ ಪದಾರ್ಥಗಳನ್ನು ಹೇಳತೊಡಗಿದ. ತುಪ್ಪ, ಬನ್ನು, ಸಕ್ಕರೆ, ಬಿಳಿ ಅನ್ನ ಇಲ್ಲಿಯವರೆಗೂ ಖಾದರ್ ತಲೆಯಾಡಿಸಿದ. ಬಿರಿಯಾನಿ ಎಂಬ ಮಾತು ಬರುತ್ತಿದ್ದಂತೆ ಚಪ್ಪಲಿ ಮೆಟ್ಟಿದ. ಬಣ್ಣ ಹೊಸದು, ಒಳಗೆ ಗೇರಿಗೆ ಹಲ್ಲೇ ಇಲ್ಲ ಎಂದು ಬಸಣ್ಣನಿಗೆ ವರದಿ ಒಪ್ಪಿಸಿದ.

ಆಮೇಲೆ ಹಲಸೂರಿನ ಸುಬೇದಾರ್ ಏಳುಮಲೈ. ಸೇನೆಯಿಂದ ನಿವೃತ್ತರಾಗಿ ಬಂದು, ಸೇನೆ ಸೇರಬಯಸುವವರನ್ನು ಪಳಗಿಸುತ್ತಿದ್ದರು. ಅವರಿಗೆ ವಯಸ್ಸು, ಹೊಟ್ಟೆ, ವೃತ್ತಿ ಇವೆಲ್ಲ ನೆಪಗಳು. ಮೊದಲನೆಯ ದಿನ ಕಪ್ಪೆಯಂತೆ ಜಿಗಿಸಿದರು, ಎರಡನೆಯ ದಿನ ಇಟ್ಟಿಗೆ ಹೊರಿಸಿದರು, ಮೂರನೆಯ ದಿನ ಮಣ್ಣಿನಲ್ಲಿ ಮೊಣಕೈ ಊರಿ ತೆವಳಿಸಿದರು. ಶತ್ರು ಯಾರು ಎಂದು ಖಾದರ್ ಕೇಳಿದ. ಪ್ರಶ್ನೆ ಕೇಳಿದ್ದಕ್ಕೆ ಇನ್ನೊಂದು ಸುತ್ತು ತೆವಳಬೇಕಾಯಿತು. ನಾಲ್ಕನೆಯ ದಿನ ಸಂಬಂಧಿಕರ ಮದುವೆ ಎಂದು ಹೇಳಿಕಳಿಸಿದ. ಆ ಮದುವೆ ಇವತ್ತಿಗೂ ಮುಗಿದಿಲ್ಲ. ಮಾಲು ಗಟ್ಟಿ, ಆದರೆ ಲಾರಿಯದ್ದು, ಲೂನಾಕ್ಕೆ ಕೂರಿಸಿದರೆ ಚಾಸಿ ಎರಡು ತುಂಡಾಗುತ್ತದೆ ಎಂದ.

ಹೀಗೆ ಇಬ್ಬರನ್ನೂ ತಿರಸ್ಕರಿಸಿ ಬಂದ ಖಾದರ್ ಮನೆಯಲ್ಲಿ ಅದರ ಕಥೆಯನ್ನೂ ಮೀನಖಂಡದ ಕಥೆಗೆ ಸೇರಿಸಿಕೊಂಡ. ಒಂದು ಮಧ್ಯಾಹ್ನ ಉಮ್ಮೆ ಕುಲ್ಸುಂ ಮಾಂಸ ತೊಳೆಯುತ್ತಿದ್ದಳು. ಅವನು ಪಕ್ಕದಲ್ಲಿ ನಿಂತು, ಕೋಚ್ ಬೇಕೋ ಬೇಡವೋ ಎಂದು ಆರಂಭದಿಂದ ಶುರುಮಾಡಿದ. ಅವಳು ಕೈ ತೊಳೆದುಕೊಂಡಳು. ದಖ್ಖನಿಯಲ್ಲಿ, ಬಹಳ ಶಾಂತವಾಗಿ, ತನ್ನ ತೀರ್ಪು ಹೇಳಿದಳು. ನಿನಗೆ ಓಟ ಕಲಿಸುವವರು ಬೇಕೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಕಾಲಿನ ಪುರಾಣ ಕೇಳುವುದಕ್ಕೆ ಸಂಬಳದ ಮೇಲೆ ಒಬ್ಬರು ಬೇಕು. ನನ್ನ ಕೈಲಿ ಆಗುವುದಿಲ್ಲ. ವಾಜಿದಾಳ ಕೈಲಿ ಆಗುವುದಿಲ್ಲ. ಯಾರನ್ನಾದರೂ ಇಟ್ಟುಕೋ, ಆದರೆ ಇಟ್ಟುಕೋ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಬುರ್ಖಾ ತೊಟ್ಟು, ಒಂದು ಡಬ್ಬಿ ಬಿರಿಯಾನಿ ಹಿಡಿದು, ಫ್ರೇಜರ್ ಟೌನಿಗೆ ಹೋದಳು. ವಾಜಿದಾ ಓದಿದ ಶಾಲೆಯ ಪಿ.ಟಿ. ಟೀಚರ್ ಮಾರಿಯಾ ಮಿಸ್ ನಿವೃತ್ತರಾಗಿ ಅಲ್ಲಿ ಒಂದು ಹಂಚಿನ ಮನೆಯಲ್ಲಿದ್ದರು. ಜ್ವರವೆಂದು ಚೀಟಿ ತಂದ ಹುಡುಗಿಯರನ್ನೂ ಮೈದಾನ ಸುತ್ತಿಸುತ್ತಿದ್ದವರೆಂಬ ಖ್ಯಾತಿ ಅವರದು. ಅಲ್ಲಿ ಏನು ಮಾತುಕತೆಯಾಯಿತೋ, ಡಬ್ಬಿ ಖಾಲಿಯಾಗಿ ಬಂತು, ನಾಳೆ ಬೆಳಿಗ್ಗೆ ಕೆರೆಗೆ ಬರುತ್ತಾರಂತೆ ಎಂದಳು.

ಬಂದರು. ಅರವತ್ತು ದಾಟಿದ ಕುಳ್ಳಗಿನ ಹೆಂಗಸು, ಗಿಡ್ಡ ಕೂದಲು, ಹಳೆಯ ಲೇಡಿಸ್ ಸೈಕಲ್, ಕೊರಳಲ್ಲಿ ಶಿಲುಬೆ ಮತ್ತು ಸೀಟಿ. ಖಾದರ್ ಮಾಲು ನೋಡುವ ಕಣ್ಣಲ್ಲಿ ನೋಡಿದ. ಮಾರಿಯಾ ಅವನನ್ನು ಅದಕ್ಕಿಂತ ಕೆಟ್ಟದಾಗಿ ನೋಡಿದರು. ಒಂದು ಸುತ್ತು ಓಡಿ ತೋರಿಸಿ ಅಂದರು. ಅವನು ಪ್ರಾಣ ಒತ್ತೆಯಿಟ್ಟು ಓಡಿ ಬಂದು ನಿಂತ.

"ಯಾರನ್ನೋ ಅಟ್ಟಿಸ್ಕೊಂಡು ಹೋಗೋ ಥರ ಓಡ್ತೀರ, ಮಿಸ್ಟರ್ ಖಾದರ್," ಅಂದರು. "ಮುಂದೆ ಯಾರೂ ಇಲ್ಲ. ನಿಧಾನ."

ಖಾದರ್‌ಗೆ ಅನುಮಾನ ಬಂತು. ಕಳ್ಳನ ಕಥೆಯನ್ನು ಕುಲ್ಸುಂ ಹೇಳಿದ್ದಳೋ ಏನೋ. ಆದರೂ ವ್ಯಾಪಾರದ ಧರ್ಮ ಬಿಡದೆ, ವಾರಂಟಿ ಏನಾದರೂ ಇದೆಯೇ ಎಂದು ವಿಚಾರಿಸಿದ. ಮಾರಿಯಾ ಸೀಟಿ ಊದಿದರು. ಅದನ್ನೇ ಉತ್ತರವೆಂದು ತಿಳಿಯಬೇಕಾಯಿತು.

ಅವರ ವಿದ್ಯೆ ಒಂದೇ ವಾಕ್ಯದ್ದು. ಮಾತಾಡುತ್ತ ಓಡಬೇಕು; ಮಾತು ತಡವರಿಸಿತೆಂದರೆ ವೇಗ ಹೆಚ್ಚಾಯಿತೆಂದು ಅರ್ಥ. ಖಾದರ್ ಇದನ್ನು ಕೇಳಿ ಆಕಾಶ ನೋಡಿ ಶುಕ್ರಿಯಾ ಹೇಳಿದ. ಬದುಕಿನಲ್ಲಿ ಮೊದಲ ಸಲ ಒಬ್ಬರು, ಅದೂ ಸಂಬಳ ತೆಗೆದುಕೊಂಡು, ಅವನಿಗೆ ಮಾತಾಡು ಎಂದಿದ್ದರು.

ಅಂದಿನಿಂದ ಫುಟ್‌ಪಾತಿನ ಮೇಲೆ ಖಾದರ್, ಅವನ ಬಲಕ್ಕೆ ರಸ್ತೆಯಲ್ಲಿ ಸೈಕಲ್ ಮೇಲೆ ಮಾರಿಯಾ. ಮುಜುಗರವೇನೂ ಕಮ್ಮಿಯಿರಲಿಲ್ಲ. ಬೊಕ್ಕತಲೆಯ ಮುದುಕರು ನಡೆದುಕೊಂಡೇ ಅವನನ್ನು ದಾಟುತ್ತಿದ್ದರು. ಬಸುರಿಯೊಬ್ಬಳು ದಾಟಿದಳು. ದಪ್ಪನೆಯ ಲ್ಯಾಬ್ರಡಾರ್ ನಾಯಿಯೊಂದು ದಾಟಿ, ಹಿಂತಿರುಗಿ ನೋಡಿ, ಮತ್ತೆ ದಾಟಿತು. ಮಾರಿಯಾ ಸೀಟಿಯನ್ನು ಊದುತ್ತಿದ್ದದ್ದು ಅವನು ಜೋರು ಮಾಡಿದಾಗ ಮಾತ್ರ. ಆದರೆ ಮಾತಿಗೆ ತಡೆಯಿರಲಿಲ್ಲ. ಮೀನಖಂಡ, ಹಿಮ್ಮಡಿ, ಸೊಂಟ, ಅಲ್ಲಿಂದ ಅಪ್ಪ, ಅಪ್ಪ ಕಟ್ಟಿದ ಅಂಗಡಿ, ಸುಳ್ಳು ಖಾದರ್ ಮಾಡಿದ ಮೋಸ, ವಾಜಿದಾಳ ಮದುವೆಯ ಚಿಂತೆ ಎಲ್ಲವೂ ಹರಿದು ಬಂತು. ಮಾರಿಯಾ ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ, ಆಕಳಿಸಲಿಲ್ಲ, ಟಿ.ವಿ. ಕಡೆ ಹೋಗಲಿಲ್ಲ. ಇಷ್ಟು ತಾಳ್ಮೆಯಿಂದ ಕೇಳುವವರು ದುನಿಯಾದಲ್ಲೇ ಇಲ್ಲವೆಂದು ಅವನು ಕುಲ್ಸುಂಳ ಮುಂದೆ ಹೊಗಳಿದ. ಮನೆಯಲ್ಲಿ ಶಾಂತಿ ನೆಲೆಸಿತು.

ಓಣಿಗೆ ಮಾತ್ರ ಗುಟ್ಟು. ಅದು ಒಡೆದದ್ದು ಒಂದು ಶನಿವಾರ, ಎಳನೀರಿನ ಗಾಡಿಯ ಮುಂದೆ ಇಬ್ಬರೂ ನಿಂತಿದ್ದಾಗ. ಟಯರ್ ಖಾದರ್ ಸ್ಕೂಟರಿನಲ್ಲಿ ಬಂದು ಮಾರಿಯಾ ಅವರ ಬಲಗಡೆ ನಿಲ್ಲಿಸಿ, ಸೀಟಿಯ ಕಡೆ ಕಣ್ಣು ಹಾಯಿಸಿ, ಇವರು ಯಾರು ಎಂದು ಹುಬ್ಬು ಹಾರಿಸಿದ. ಖಾದರ್ ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ.

"ಪಾಪ, ನಮ್ಮ ವಾಜಿದಾ ಟೀಚರ್ರು. ಮಂಡಿ ನೋವು, ಒಬ್ರೇ ಬರಕ್ಕೆ ಭಯ. ನಾನೇ ಜೊತೆಗೆ ಕರ್ಕೊಂಡ್ ಬರ್ತೀನಿ."

ಟಯರ್ ಖಾದರ್ ತಲೆದೂಗಿ ಹೋದ. ಮಾರಿಯಾ ಎಳನೀರಿನ ಬುರುಡೆ ಕೆಳಗಿಟ್ಟರು.

"ಮಿಸ್ಟರ್ ಖಾದರ್, ನನ್ನ ಎಡಗಿವಿ ಹೋಗಿ ತುಂಬಾ ವರ್ಷ ಆಯ್ತು. ಜೀವಮಾನ ಪೂರ್ತಿ ಸೀಟಿ ಊದಿದ್ದು. ಬಲಗಿವಿ ಚೆನ್ನಾಗಿದೆ."

ಖಾದರ್‌ಗೆ ಮೊದಲು ನಾಚಿಕೆಯಾಯಿತು. ಆಮೇಲೆ ಲೆಕ್ಕ ಹತ್ತಿತು. ಅವನು ಪ್ರತಿ ಬೆಳಿಗ್ಗೆ ಓಡಿದ್ದು ಅವರ ಎಡಕ್ಕೆ. ಹಾಗಾದರೆ ನಾನು ಇಷ್ಟು ದಿನ ಹೇಳಿದ್ದು ಎಂದು ಕೇಳಿದ.

"ಒಂದಕ್ಷರ ಕೇಳ್ಸಿಲ್ಲ," ಅಂದರು ಮಾರಿಯಾ. "ಕೇಳ್ಸೋದು ಬೇಕಿರ್ಲಿಲ್ಲ. ನಿಮ್ಮ ಬಾಯಿ ಅಲ್ಲಾಡ್ತಿದ್ರೆ ಸ್ಪೀಡ್ ಸರಿ ಇದೆ ಅಂತ ಗೊತ್ತಾಗುತ್ತೆ."

ಖಾದರ್ ಎಳನೀರು ಅರ್ಧಕ್ಕೇ ಬಿಟ್ಟು ಮನೆಗೆ ಹೋದ. ಒಂದು ವಾರ ಕೆರೆಯ ಕಡೆ ತಲೆ ಹಾಕಲಿಲ್ಲ. ಅಪ್ಪ ಸತ್ತ ದಿನ ತಾನು ಎಲ್ಲಿದ್ದೆ ಎಂಬುದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅದನ್ನು ಒಂದು ಸೈಕಲ್ಲಿಗೆ ಹೇಳಿದ ಹಾಗಾಗಿತ್ತು. ಅಂಬಾಸಡರ್ ಸೀಟಿನ ಮೇಲೆ ಮುಖ ಊದಿಸಿಕೊಂಡು ಕೂತ. ಮೋಸ, ಮೋಸ ಎಂದು ಉಮ್ಮೆ ಕುಲ್ಸುಂಳ ಹತ್ತಿರ ದೂರಿದ. ಅವಳು ಬೆಳ್ಳುಳ್ಳಿ ಬಿಡಿಸುತ್ತ, ನಿನ್ನ ಮೀನಖಂಡ ಈಗ ಹೇಗಿದೆ ಎಂದು ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳಾಗಿಯೇ ಕೇಳಿದ್ದಳು. ಖಾದರ್ ಬಾಯಿ ತೆರೆದ. ಹೇಳಲು ಏನೂ ಇರಲಿಲ್ಲ. ನೋವು ಯಾವಾಗಲೋ ನಿಂತುಹೋಗಿತ್ತು. ಹೇಳುವ ಗಡಿಬಿಡಿಯಲ್ಲಿ ಅದನ್ನು ಅವನು ಗಮನಿಸಿರಲಿಲ್ಲ. ನಿನ್ನ ಕಾಲು ಅವರ ಕಿವಿಯಲ್ಲಿತ್ತೇ, ಅವರ ಕಣ್ಣಲ್ಲಿತ್ತೇ ಎಂದು ಕೇಳಿ ಅವಳು ಒಲೆಯ ಕಡೆ ತಿರುಗಿದಳು.

ಮರುದಿನ ಹೋದ. ಮಾರಿಯಾ ಕೆರೆಯ ಕಲ್ಲುಬೆಂಚಿನ ಮೇಲೆ, ಅವನು ಬರುವುದು ಗೊತ್ತಿದ್ದವರಂತೆ ಕೂತಿದ್ದರು. ಖಾದರ್ ಬೇಕೆಂದೇ ಅವರ ಬಲಗಡೆ ಕೂತ. ಮಂಡಿಯ ವಿಷಯ ಓಣಿಗೆ ಹೇಳಿದ್ದು ತಪ್ಪಾಯಿತು ಅಂದ. ಮಾರಿಯಾ, ಮಂಡಿ ನೋವು ನಿಜವೇ, ಅದು ನಿಮಗೆ ಹೇಗೆ ಗೊತ್ತಾಯಿತು ಅಂದರು. ಅಲ್ಲಿಂದ ಅವರು ಶುರುಮಾಡಿದರು. ಎಡಮಂಡಿ, ಬಲಮಂಡಿ, ಚಳಿಗಾಲದ ಮಂಡಿ, ಚರ್ಚಿನಲ್ಲಿ ಮೊಣಕಾಲೂರಿದಾಗಿನ ಮಂಡಿ, ರೈಲ್ವೆ ಗಾರ್ಡ್ ಆಗಿದ್ದ ಗಂಡ ತೀರಿಕೊಂಡ ವರ್ಷದ ಮಂಡಿ. ಬಿಸಿಲೇರುವವರೆಗೆ ಹೇಳಿದರು. ಖಾದರ್ ನಡುವೆ ಎರಡು ಸಲ ತನ್ನದೊಂದು ಮಾತು ತೂರಿಸಲು ನೋಡಿದ, ಜಾಗ ಸಿಗಲಿಲ್ಲ. ಆ ದಿನ ಓಟ ಆಗಲೇ ಇಲ್ಲ. ಅಂಗಡಿಯ ಬಾಗಿಲು ತಡವಾಗಿ ತೆರೆಯಿತು.

ಟಯರ್ ಖಾದರ್ ಸಿಕ್ಕಾಗ, ಆ ಟೀಚರ್ ನನ್ನ ಕೋಚ್ ಎಂದು ಹೇಳಿಬಿಟ್ಟ. ಓಣಿಯವರು ಒಂದು ವಾರ ಅವನು ಹಾದುಹೋದಾಗಲೆಲ್ಲ ಬೊಗಳಿದರು, ನಾಯಿಯ ಮಾತು ನೆನಪಿಟ್ಟುಕೊಂಡು. ಆಮೇಲೆ ಅವರಿಗೂ ಬೇಸರ ಬಂತು.

ಎರಡನೆಯ ವರ್ಷದ ಓಟದ ದಿನ ಮಾರಿಯಾ ಪ್ರಾರ್ಥನೆಗೆ ಚರ್ಚಿಗೆ ಹೋದರು. ಓಟ ನಿಮ್ಮದು, ಭಾನುವಾರ ನನ್ನದು ಎಂದರು. ಮಾತು ನಿಲ್ಲಿಸಬೇಡಿ ಎಂಬುದೊಂದೇ ಆಜ್ಞೆ. ಖಾದರ್ ಅದನ್ನು ಅಕ್ಷರಶಃ ಪಾಲಿಸಿದ. ಪಿಸ್ತೂಲು ಸಿಡಿದಾಗ ಎಲ್ಲರನ್ನೂ ಮುಂದೆ ಬಿಟ್ಟು, ಪಕ್ಕದಲ್ಲಿದ್ದ ಕನ್ನಡಕದ ಯುವಕನಿಗೆ ಗೇರ್‌ಬಾಕ್ಸಿನ ಹಲ್ಲು ಸವೆಯುವುದೇಕೆಂದು ವಿವರಿಸತೊಡಗಿದ. ಯುವಕ ಕಿವಿಗೆ ವೈರು ಸಿಕ್ಕಿಸಿಕೊಂಡು ವೇಗ ಹೆಚ್ಚಿಸಿದ. ಹಲಸೂರಿನಲ್ಲಿ ಇಬ್ಬರು ಪೊಲೀಸಿನವರು ಸಿಕ್ಕರು, ಅವರೂ ಸ್ವಲ್ಪ ಹೊತ್ತಿಗೆ ರಸ್ತೆಯ ಆ ಬದಿಗೆ ಹೋದರು. ಇಂದಿರಾನಗರದಲ್ಲಿ ಒಬ್ಬ ಡಾಕ್ಟರು ಸಿಕ್ಕಿ, ಓಡುವಾಗ ಮಾತಾಡಬಾರದೆಂದು ಬುದ್ಧಿ ಹೇಳಿ, ಮುಂದಿನ ಸಿಗ್ನಲಿನಲ್ಲೇ ಎದೆ ಹಿಡಿದು ನಿಂತರು. ಖಾದರ್ ಅವರಿಗೆ ನೀರು ಕೊಡಿಸಿ, ನಿಧಾನ ಸಾಬ್ ಎಂದು ಹೇಳಿ ಮುಂದೆ ಹೊರಟ.

ವಿಮಾನಪುರದಲ್ಲಿ ತಿರುಗುವ ಹೊತ್ತಿಗೆ ಸುತ್ತ ಯಾರೂ ಉಳಿದಿರಲಿಲ್ಲ. ಮುಂದಿನವರು ದೂರವಿದ್ದರು, ಹಿಂದಿನವರು ಇನ್ನೂ ಬಂದಿರಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಖಾದರ್ ತನ್ನಷ್ಟಕ್ಕೇ ಮಾತಾಡಿಕೊಂಡು ಬಂದ. ಏನು ಮಾತಾಡಿದೆ ಎಂದು ಆಮೇಲೆ ಬಸಣ್ಣ ಕೇಳಿದ್ದಕ್ಕೆ, ಅಪ್ಪನ ಜೊತೆ ಸ್ವಲ್ಪ ಮಾತಾಡುವುದಿತ್ತು ಎಂದಷ್ಟೇ ಹೇಳಿದ. ಒಂದು ಕಡೆ ಮಾತು ತಡವರಿಸಿ ನಿಂತಿತು. ವೇಗ ಹೆಚ್ಚಾಗಿದೆ ಎಂದುಕೊಂಡು ನಿಧಾನ ಮಾಡಿದ. ವೇಗ ಹೆಚ್ಚಾಗಿರಲಿಲ್ಲ. ಆದರೂ ನಿಧಾನ ಮಾಡಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಮೈದಾನ ಇನ್ನೂ ದೂರವಿತ್ತು.

ಅವನು ತನ್ನ ಕಾಲ ಮೇಲೆಯೇ ಗೆರೆ ದಾಟಿದ. ಪದಕ ಹಾಕಲು ಬಂದ ಹುಡುಗಿಗೆ ಎಡಗಾಲಿನ ವಿಷಯ ತೆಗೆದ. ಹಿಂದಿನವರಿಗೆ ದಾರಿ ಬಿಡಿ ಅಂಕಲ್ ಎಂದು ಅವಳು ಮೆತ್ತಗೆ ತಳ್ಳಿದಳು. ಮನೆಗೆ ಹೋಗಿ ಪದಕವನ್ನು ಕೊರಳಲ್ಲಿಟ್ಟುಕೊಂಡೇ ಬಿರಿಯಾನಿ ಉಂಡು, ಉಣ್ಣುತ್ತಲೇ ಗೋಡೆಗೊರಗಿ ನಿದ್ದೆಹೋದ. ಉಮ್ಮೆ ಕುಲ್ಸುಂ ಅವನ ಕೈ ತೊಳೆಸಿ ದಿಂಬು ಕೊಟ್ಟಳು, ಪದಕದ ರಿಬ್ಬನ್ನಿಗೆ ಹತ್ತಿದ ಮಸಾಲೆಯನ್ನು ಆಮೇಲೆ ಸೋಪು ಹಾಕಿ ಉಜ್ಜಿದಳು.

ವಾರದ ಮೇಲೆ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಬಸಣ್ಣ ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ತೆಗೆದ. ಆ ಟೀಚರು ಹೇಳಿದ್ದು ನಿಧಾನ ಹೋಗು ಎಂಬುದೊಂದೇ. ಅದನ್ನೇ ತಾನು ಒಂದು ವರ್ಷ ಮೊದಲು ಪುಕ್ಕಟೆ ಹೇಳಿದ್ದೆನಲ್ಲ. ಅಡಿಗೆಮನೆಯಿಂದ ಅಮೃತಮ್ಮ, ಹೌದೌದು, ಹೇಳಿದ್ದರು ಎಂದು ಸಾಕ್ಷಿ ನುಡಿದಳು.

ಖಾದರ್ ಪುಂಡಿಪಲ್ಯ ಬಡಿಸಿಕೊಂಡ. "ನೀನು ಹೇಳಿದ್ರೆ ನಾನ್ ಕೇಳ್ತಿದ್ನಾ, ಬಸಣ್ಣ?"

ಬಸಣ್ಣ, ಇಲ್ಲ ಎಂದು ಒಪ್ಪಿಕೊಂಡ. ಅಮೃತಮ್ಮ ಇನ್ನೊಂದು ರೊಟ್ಟಿ ತಂದು ಖಾದರ್‌ನ ತಟ್ಟೆಗೆ ಹಾಕಿದಳು, ಅವನು ಬೇಡವೆನ್ನದೆ ತಿಂದ.